ನಾಯಿ, ಟ್ರಕ್ಕು ಮತ್ತು ಕಯೋಟಿ: ಬೇಟೆಯ ನೀತಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಅಮೆರಿಕದ ನೆಬ್ರಾಸ್ಕಾ ರಾಜ್ಯದ ಹಳ್ಳಿಗಾಡಿನಲ್ಲಿ ಪಶುವೈದ್ಯ. ದನ, ಕುರಿ, ಕುದುರೆಗಳದ್ದು ವರ್ಷವಿಡೀ ಇರುವ ಕೆಲಸ. ಚಳಿಗಾಲ ಬಂತೆಂದರೆ ಬೇಟೆನಾಯಿಗಳೂ ಸೇರಿಕೊಳ್ಳುತ್ತವೆ. ಒಮಾಹಾ, ಲಿಂಕನ್ ಕಡೆಯ ಕನ್ನಡ ಕುಟುಂಬಗಳವರು ಹೆದ್ದಾರಿಯಲ್ಲಿ ಹೋಗುವಾಗ ಬೆನ್ನ ಮೇಲೆ ದೊಡ್ಡ ಪೆಟ್ಟಿಗೆ ಹೊತ್ತ ಪಿಕಪ್ ಟ್ರಕ್ಕುಗಳನ್ನೂ ಪೆಟ್ಟಿಗೆಯ ಕಿಂಡಿಗಳಿಂದ ಇಣುಕುವ ಸಪೂರ ಮೂತಿಗಳನ್ನೂ ಕಂಡು, ಇದೇನೆಂದು ನನ್ನನ್ನು ಕೇಳುತ್ತಾರೆ. ಊರಿನಿಂದ ಫೋನ್ ಮಾಡುವವರೂ ಕೇಳುತ್ತಾರೆ. ಹಾಗೆ ಕೇಳಿಸಿಕೊಂಡ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಆ ನಾಯಿಗಳು ಬೇಟೆಯಾಡುವುದು ಕಯೋಟಿ ಎಂಬ, ನರಿಗೆ ಹತ್ತಿರದ ಕಾಡುಪ್ರಾಣಿಯನ್ನು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಯೋಟಿಯನ್ನು ಕೊಲ್ಲಲೇಬೇಕಾದ ಸಂದರ್ಭಗಳು ಬರುತ್ತವೆ ಎಂಬುದನ್ನು ಒಪ್ಪುತ್ತೇನೆ. ಅದನ್ನು ವಾಹನದಲ್ಲಿ ಅಟ್ಟಿ ದಣಿಸಿ, ನಾಯಿಗಳ ಬಾಯಿಗೆ ಕೊಟ್ಟು, ಅದಕ್ಕೆ ಆಟವೆಂದು ಹೆಸರಿಡುವುದನ್ನು ಒಪ್ಪುವುದಿಲ್ಲ.

ಕಯೋಟಿ ಎಂದರೆ ನಮ್ಮ ನರಿಯೇ?

ಅಲ್ಲ, ಆದರೆ ಹತ್ತಿರದ ಸಂಬಂಧಿ. ನಮ್ಮ ನರಿ, ತೋಳ, ಮನೆಯ ನಾಯಿ, ಈ ಕಯೋಟಿ ಎಲ್ಲವೂ ಒಂದೇ ಕುಲದವು. ನೋಡಿದರೆ ನರಿಗಿಂತ ತುಸು ಎತ್ತರ, ತೋಳಕ್ಕಿಂತ ಸಣ್ಣದು. ನಮ್ಮ ಬಯಲು ಪ್ರದೇಶದಲ್ಲಿ ಸಾಮಾನ್ಯವಾಗಿ ಹತ್ತರಿಂದ ಹದಿನೈದು ಕಿಲೋ ತೂಗುತ್ತದೆ. ಪೂರ್ವದ ರಾಜ್ಯಗಳಲ್ಲಿ ಇನ್ನೂ ದಪ್ಪ. ಇಲಿ, ಮೊಲ, ಮಿಡತೆ, ಕಲ್ಲಂಗಡಿ, ಸತ್ತ ಜಿಂಕೆ, ಸಿಕ್ಕಿದರೆ ಕುರಿಮರಿ ಎಲ್ಲವನ್ನೂ ತಿನ್ನುತ್ತದೆ. ಹೆಸರು ಬಂದಿರುವುದು ಮೆಕ್ಸಿಕೋದ ನಾವಾಟ್ಲ್ ಭಾಷೆಯ ಪದದಿಂದ.

ಮೊದಲು ಖಂಡದ ನಡುಭಾಗ ಮತ್ತು ಪಶ್ಚಿಮಕ್ಕೆ ಸೀಮಿತವಾಗಿದ್ದ ಈ ಪ್ರಾಣಿ ಇಂದು ಹವಾಯಿ ಒಂದನ್ನು ಬಿಟ್ಟು ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇದೆ. ತೋಳಗಳನ್ನು ಮನುಷ್ಯರು ನಿರ್ನಾಮ ಮಾಡಿದ ಜಾಗಗಳಿಗೆ ಇದು ಬಂದು ಸೇರಿಕೊಂಡಿತು. ಗಂಡು ಹೆಣ್ಣು ಜೊತೆಯಾಗಿ ಸಂಸಾರ ಹೂಡುತ್ತವೆ, ಮರಿಗಳಿಗೆ ತಂದೆಯೂ ಉಣಿಸು ತರುತ್ತದೆ. ಷಿಕಾಗೊ ಸುತ್ತಮುತ್ತಲ 236 ಕಯೋಟಿಗಳ ವಂಶವಾಹಿಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೋಡಿ ಬಿಟ್ಟು ಬೇರೆ ಕಡೆ ಹುಟ್ಟಿದ ಒಂದು ಮರಿಯೂ ಸಿಗಲಿಲ್ಲ. ಈ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿರಲಿ.

ನಾಯಿ ಮತ್ತು ವಾಹನದ ಬೇಟೆ ನಿಜಕ್ಕೂ ಹೇಗೆ ನಡೆಯುತ್ತದೆ?

ಇದನ್ನು ತುಸು ಬಿಡಿಸಿ ಹೇಳಬೇಕು. ಹೇಗೆ ನಡೆಯುತ್ತದೆ ಎಂದು ತಿಳಿಯದೆ ಸರಿಯೋ ತಪ್ಪೋ ಎಂದು ವಾದಿಸುವವರೇ ಹೆಚ್ಚು.

ಮೆಕ್ಕೆಜೋಳದ ಕೊಯ್ಲು ಮುಗಿದು ಹೊಲಗಳು ಬರಿದಾಗಿರುತ್ತವೆ. ಮೇಲೊಂದಿಷ್ಟು ಹಿಮ ಬಿದ್ದಿದ್ದರೆ ಕಂದು ಬಣ್ಣದ ಪ್ರಾಣಿ ಎರಡು ಮೈಲಿ ದೂರದಿಂದ ಕಾಣುತ್ತದೆ. ಇಲ್ಲಿಯ ನೆಲವನ್ನು ಒಂದು ಮೈಲಿ ಉದ್ದ, ಒಂದು ಮೈಲಿ ಅಗಲದ ಚೌಕಗಳಾಗಿ ಕತ್ತರಿಸಿ, ಚೌಕದ ಸುತ್ತ ಜಲ್ಲಿ ರಸ್ತೆ ಹಾಕಿದ್ದಾರೆ. ಚದುರಂಗದ ಹಾಸಿನಂತೆ. ಬೇಟೆಯ ತಂಡ ಮೂರು ನಾಲ್ಕು ಟ್ರಕ್ಕುಗಳಲ್ಲಿ ಹೊರಟು ದುರ್ಬೀನಿನಲ್ಲಿ ಹೊಲಗಳನ್ನು ಜಾಲಾಡುತ್ತದೆ. ಕಯೋಟಿ ಕಂಡೊಡನೆ ರೇಡಿಯೋದಲ್ಲಿ ಸುದ್ದಿ ಹರಿಯುತ್ತದೆ.

ಮುಂದಿನದು ಎರಡು ರೀತಿ. ಮೊದಲನೆಯದು ಕಣ್ಣಿನಿಂದ ಅಟ್ಟುವ ನಾಯಿಗಳದ್ದು: ಗ್ರೇಹೌಂಡ್, ಅಥವಾ ಗ್ರೇಹೌಂಡಿಗೆ ಸ್ಕಾಟ್ಲೆಂಡಿನ ಜಿಂಕೆ ಬೇಟೆಯ ನಾಯಿಯನ್ನು ಬೆರೆಸಿ ಪಡೆದ ಸ್ಟ್ಯಾಗ್‌ಹೌಂಡ್. ನಮ್ಮ ಮುಧೋಳ ನಾಯಿ ಕಂಡವರಿಗೆ ಈ ಮೈಕಟ್ಟು ಕೂಡಲೇ ಗುರುತು ಸಿಗುತ್ತದೆ. ಟ್ರಕ್ಕು ಹೊಲಕ್ಕೇ ನುಗ್ಗಿ ಕಯೋಟಿಯ ಹತ್ತಿರಕ್ಕೆ ಓಡುತ್ತದೆ. ಚಾಲಕ ಕುಳಿತಲ್ಲಿಂದಲೇ ಹಗ್ಗವನ್ನೋ ಸನ್ನೆಯನ್ನೋ ಎಳೆದರೆ ಪೆಟ್ಟಿಗೆಯ ಬಾಗಿಲು ತೆರೆದು ನಾಯಿಗಳು ಜಿಗಿಯುತ್ತವೆ. ಒಂದು ನಾಯಿ ಹಿಂಗಾಲಿಗೆ ಬಾಯಿ ಹಾಕಿ ಕೆಡವುತ್ತದೆ, ಇನ್ನೊಂದು ಕುತ್ತಿಗೆ ಹಿಡಿಯುತ್ತದೆ, ಮತ್ತೊಂದು ಎದೆಯನ್ನು. ಪಳಗಿದ ನಾಯಿಗಳಾದರೆ ಬೇಗ ಮುಗಿಯುತ್ತದೆ. ಎಳೆಯ ನಾಯಿಗಳಾದರೆ ಹಲವು ನಿಮಿಷ ಹಿಡಿಯುತ್ತದೆ.

ಎರಡನೆಯದು ವಾಸನೆ ಹಿಡಿದು ಓಡುವ ಹೌಂಡ್‌ಗಳದ್ದು. ಇವು ಕೊರಳಲ್ಲಿ ಜಿಪಿಎಸ್ ಪಟ್ಟಿ ಕಟ್ಟಿಕೊಂಡು ಗಂಟೆಗಟ್ಟಲೆ ಜಾಡು ಹಿಡಿಯುತ್ತವೆ. ಮನುಷ್ಯರು ಪರದೆಯ ಮೇಲೆ ನಾಯಿಗಳ ಚಲನೆ ನೋಡುತ್ತಾ, ಕಯೋಟಿ ಯಾವ ರಸ್ತೆ ದಾಟಬಹುದೆಂದು ಲೆಕ್ಕ ಹಾಕಿ, ಅಲ್ಲಿ ಮೊದಲೇ ಟ್ರಕ್ಕು ನಿಲ್ಲಿಸಿ ಕೋವಿ ಹಿಡಿದು ಕಾಯುತ್ತಾರೆ. ಕಯೋಟಿ ತಿರುಗಿದರೆ ಟ್ರಕ್ಕುಗಳೂ ತಿರುಗುತ್ತವೆ. ಈ ನಾಯಿಗಳು ದಣಿದರೆ ಪೆಟ್ಟಿಗೆಯಿಂದ ಹೊಸ ನಾಯಿಗಳನ್ನು ಇಳಿಸುತ್ತಾರೆ. ಕಯೋಟಿಗೆ ಬದಲಿ ಓಟಗಾರರಿಲ್ಲ.

ಇನ್ನು ಹಿಮ ಹೆಚ್ಚು ಬೀಳುವ ಕಡೆ, ಮುಖ್ಯವಾಗಿ ವಯೋಮಿಂಗ್‌ನಂಥ ರಾಜ್ಯಗಳಲ್ಲಿ, ಮೂರನೆಯದೊಂದಿದೆ. ಅಲ್ಲಿ ನಾಯಿಯೂ ಇಲ್ಲ, ಕೋವಿಯೂ ಇಲ್ಲ. ಆಳವಾದ ಹಿಮದಲ್ಲಿ ಕಾಲು ಹೂತು ಓಡಲಾಗದ ಕಯೋಟಿಯನ್ನು ಸ್ನೋಮೊಬೈಲಿನಲ್ಲಿ ಅಟ್ಟಿ, ಅದರ ಮೈಮೇಲೆಯೇ ವಾಹನ ಹತ್ತಿಸುತ್ತಾರೆ. ಇದನ್ನು ಬೇಟೆ ಎಂದು ಕರೆಯಲು ನನ್ನ ಪರಿಚಯದ ಬೇಟೆಗಾರರಲ್ಲೇ ಹೆಚ್ಚಿನವರು ಒಪ್ಪುವುದಿಲ್ಲ.

ಇದು ತಲೆತಲಾಂತರದಿಂದ ಬಂದ ಪದ್ಧತಿಯಲ್ಲವೇ?

ನಾಯಿಗಳೊಡನೆ ಅಟ್ಟುವುದು ಹಳೆಯದೇ. 1905ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಒಕ್ಲಹೋಮಾದ ಬಯಲಿಗೆ ಹೋಗಿ, ಜಾಕ್ ಅಬರ್ನಾಥಿ ಎಂಬ ಬೇಟೆಗಾರನ ಜೊತೆ ಗ್ರೇಹೌಂಡ್‌ಗಳನ್ನು ಬಿಟ್ಟು ಕಯೋಟಿ ಬೇಟೆಯಾಡಿದ್ದು ಪ್ರಸಿದ್ಧ. ಆಗ ಅವುಗಳನ್ನು ತೋಳವೆಂದೇ ಕರೆಯುತ್ತಿದ್ದರು. ಅಬರ್ನಾಥಿ ಕುದುರೆಯಿಂದ ಹಾರಿ, ಪ್ರಾಣಿಯ ಬಾಯಿಗೆ ಕೈ ತುರುಕಿ, ದವಡೆಯನ್ನು ಅದುಮಿ ಜೀವಂತ ಹಿಡಿಯುತ್ತಿದ್ದ.

ಆ ಬೇಟೆಯನ್ನೂ ನಾನು ಹೊಗಳುವುದಿಲ್ಲ. ಆದರೆ ಅಲ್ಲಿ ಸವಾರನ ಕುದುರೆ ಬಿಲಕ್ಕೆ ಕಾಲಿಟ್ಟರೆ ಸವಾರನ ಕತ್ತು ಮುರಿಯುವ ಸಾಧ್ಯತೆಯಿತ್ತು. ಕುದುರೆ ದಣಿಯುತ್ತಿತ್ತು, ನಾಯಿ ದಣಿಯುತ್ತಿತ್ತು, ಮನುಷ್ಯನೂ ದಣಿಯುತ್ತಿದ್ದ. ಹಲವು ಸಲ ಕಯೋಟಿ ತಪ್ಪಿಸಿಕೊಳ್ಳುತ್ತಿತ್ತು. ಇಂದು ಹೀಟರ್ ಹಾಕಿಕೊಂಡು, ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ಮಾಡುವ ಕೆಲಸಕ್ಕೆ ಆ ಪರಂಪರೆಯ ಹೆಸರನ್ನು ಹೇಗೆ ಅಂಟಿಸುವುದೆಂದು ನನಗೆ ತಿಳಿಯುತ್ತಿಲ್ಲ.

ಕಾನೂನು ಇದನ್ನೆಲ್ಲ ಬಿಡುತ್ತದೆಯೇ?

ರಾಜ್ಯದಿಂದ ರಾಜ್ಯಕ್ಕೆ ಬೇರೆ. ವಾಹನದೊಳಗಿನಿಂದ ಗುಂಡು ಹಾರಿಸುವುದನ್ನು, ರಸ್ತೆಯಿಂದ ಹೊಡೆಯುವುದನ್ನು ಅನೇಕ ರಾಜ್ಯಗಳು ನಿರ್ಬಂಧಿಸಿವೆ. ಆದರೆ ಕಯೋಟಿಯ ವಿಷಯಕ್ಕೆ ಬಂದಾಗ ವಿನಾಯಿತಿಗಳು ಉದ್ದಕ್ಕೂ ಸಿಗುತ್ತವೆ. ನೆಬ್ರಾಸ್ಕಾ, ಅಯೋವಾ ಎರಡರಲ್ಲೂ ವರ್ಷದ ಎಲ್ಲ ದಿನವೂ ಕಯೋಟಿ ಬೇಟೆಗೆ ತೆರೆದಿದೆ. ಜಿಂಕೆಗೆ ಋತುವಿದೆ, ಟರ್ಕಿ ಕೋಳಿಗೆ ಋತುವಿದೆ, ಇಷ್ಟೇ ಹೊಡೆಯಬೇಕೆಂಬ ಲೆಕ್ಕವಿದೆ. ಇದಕ್ಕೆ ಎರಡೂ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಗೂಡಿನಲ್ಲಿ ಕಣ್ಣು ಬಿಡದ ಮರಿಗಳಿರುವಾಗ ತಾಯಿಯನ್ನೋ ತಂದೆಯನ್ನೋ ಕೊಂದರೂ ಕೇಳುವವರಿಲ್ಲ.

ಒಂದು ವಿರೋಧಾಭಾಸ ನನ್ನನ್ನು ಯಾವಾಗಲೂ ಕಾಡುತ್ತದೆ. ವಿಮಾನದಿಂದ ಪ್ರಾಣಿಗಳನ್ನು ಹೊಡೆಯುವುದನ್ನೂ ಬೆದರಿಸಿ ಅಟ್ಟುವುದನ್ನೂ ಅಮೆರಿಕದ ಸಂಸತ್ತು 1971ರಲ್ಲೇ ನಿಷೇಧಿಸಿತು. ಜಾನುವಾರು ರಕ್ಷಣೆಯಂಥ ಕಾರಣಗಳಿಗೆ ಪರವಾನಗಿ ಪಡೆದವರಿಗೆ ಮಾತ್ರ ವಿನಾಯಿತಿ. ಆಕಾಶದಲ್ಲಿರುವ ಯಂತ್ರಕ್ಕೆ ಇಡೀ ದೇಶ ಒಂದು ಗೆರೆ ಎಳೆಯಿತು. ನೆಲದ ಮೇಲಿನ ಯಂತ್ರಕ್ಕೆ ಅಂಥ ಗೆರೆ ಇಂದಿಗೂ ಇಲ್ಲ. ಓಡುವ ಪ್ರಾಣಿಗೆ ಎರಡೂ ಒಂದೇ.

2024ರ ವಯೋಮಿಂಗ್ ಪ್ರಕರಣ ಯಾವುದು? ಅದು ತೋಳದ್ದಲ್ಲವೇ?

ಹೌದು, ಅದು ತೋಳದ್ದು. ಆದರೆ ಈ ಚರ್ಚೆಯನ್ನು ಜಗತ್ತಿನ ಮುಂದೆ ತಂದದ್ದು ಅದೇ. 2024ರ ಫೆಬ್ರುವರಿ ಕೊನೆಯಲ್ಲಿ ಡೇನಿಯಲ್ ಎಂಬ ಪುಟ್ಟ ಊರಿನ ಬಳಿ ಒಬ್ಬಾತ ಎಳೆಯ ತೋಳವೊಂದರ ಮೇಲೆ ಸ್ನೋಮೊಬೈಲ್ ಹಾಯಿಸಿ, ಗಾಯಗೊಂಡ ಅದರ ಬಾಯಿಗೆ ಟೇಪು ಸುತ್ತಿ, ಊರಿನ ಬಾರಿಗೆ ತಂದು ಪ್ರದರ್ಶಿಸಿ, ನಂತರ ಕೊಂದ. ಮೊದಲು ಅವನಿಗೆ ಬಿದ್ದ ದಂಡ 250 ಡಾಲರ್, ಅದೂ ಜೀವಂತ ವನ್ಯಪ್ರಾಣಿಯನ್ನು ಇಟ್ಟುಕೊಂಡ ತಪ್ಪಿಗೆ. ವಾಹನ ಹಾಯಿಸಿದ್ದಕ್ಕೆ ಶಿಕ್ಷೆಯೇ ಇರಲಿಲ್ಲ. ಏಕೆಂದರೆ ಆ ರಾಜ್ಯದ ಬಹುಭಾಗದಲ್ಲಿ ತೋಳವನ್ನೂ, ರಾಜ್ಯದಾದ್ಯಂತ ಕಯೋಟಿಯನ್ನೂ 'ಹಿಂಸ್ರಪ್ರಾಣಿ' ಎಂಬ ಪಟ್ಟಿಗೆ ಸೇರಿಸಲಾಗಿದೆ. ಆ ಪಟ್ಟಿಯಲ್ಲಿರುವುದಕ್ಕೆ ಬೇಟೆಯ ನಿಯಮಗಳು ಅನ್ವಯಿಸುವುದಿಲ್ಲ.

ದೇಶದಾದ್ಯಂತ ಕೂಗೆದ್ದ ಮೇಲೆ, 2025ರ ಆಗಸ್ಟ್‌ನಲ್ಲಿ ಆತನ ಮೇಲೆ ಪ್ರಾಣಿಹಿಂಸೆಯ ಗಂಭೀರ ಆರೋಪ ದಾಖಲಾಯಿತು. ಅದೇ ವರ್ಷ ಶಾಸನಸಭೆ ಕಾನೂನನ್ನೂ ತಿದ್ದಿತು. ಆದರೆ ತಿದ್ದುಪಡಿ ಮಾತಾಡುವುದು ಪ್ರಾಣಿ ಕೈಗೆ ಸಿಕ್ಕಿದ ನಂತರದ ಚಿತ್ರಹಿಂಸೆಯ ಬಗ್ಗೆ. ವಾಹನ ಹತ್ತಿಸುವುದನ್ನು ಅದು ನೇರವಾಗಿ ನಿಷೇಧಿಸಲಿಲ್ಲ. ಬಾರಿನಲ್ಲಿ ತೆಗೆದ ಚಿತ್ರಗಳಿಲ್ಲದಿದ್ದರೆ ಆ ತೋಳದ ಸಾವು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಚಿತ್ರ ತೆಗೆಯದ ಎಷ್ಟು ಕಯೋಟಿಗಳು ಹೀಗೆ ಸತ್ತವೋ ಎಂದು ಯೋಚಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೇಟೆಗಾರರಿಗೇ ಅವರದೇ ಆದ ನೀತಿ ಇದೆ ಎನ್ನುತ್ತಾರಲ್ಲ?

ಇದೆ. ರೂಸ್‌ವೆಲ್ಟ್ ಮತ್ತು ಗೆಳೆಯರು 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಅದಕ್ಕೊಂದು ಸ್ಪಷ್ಟ ರೂಪ ಕೊಟ್ಟಿತು. ಅದರ ತಿರುಳು ಸರಳ: ಪ್ರಾಣಿ ಸ್ವತಂತ್ರವಾಗಿ ಅಲೆಯುತ್ತಿರಬೇಕು, ಬೇಟೆಗಾರ ಅದರ ಮೇಲೆ ಅನ್ಯಾಯದ ಮೇಲುಗೈ ಪಡೆಯಬಾರದು, ಅದಕ್ಕೆ ತಪ್ಪಿಸಿಕೊಳ್ಳುವ ನಿಜವಾದ ಅವಕಾಶ ಇರಬೇಕು. ಮೋಟಾರು ವಾಹನದಲ್ಲಿ ಅಟ್ಟುವುದು ಇದಕ್ಕೆ ವಿರುದ್ಧ. ಇದು ಪ್ರಾಣಿದಯಾ ಸಂಘದವರ ಮಾತಲ್ಲ ಎಂಬುದನ್ನು ಗಮನಿಸಬೇಕು. ಕೊಂಬುಗಳನ್ನು ಅಳೆದು ದಾಖಲೆ ಬರೆದಿಡುವ ಬೇಟೆಗಾರರದೇ ಮಾತು.

ಆದರೆ ಆ ನೀತಿ ಬರೆದದ್ದು ಜಿಂಕೆ, ಎಲ್ಕ್, ಕರಡಿಯಂಥ ದೊಡ್ಡ ಪ್ರಾಣಿಗಳಿಗೆ. ಕಯೋಟಿ ಆ ಗೌರವದ ಸಾಲಿಗೆ ಸೇರಲೇ ಇಲ್ಲ. ಜಿಂಕೆಯನ್ನು ಟ್ರಕ್ಕಿನಲ್ಲಿ ಅಟ್ಟಿದವನನ್ನು ಕಳ್ಳಬೇಟೆಗಾರ ಎಂದು ಇಡೀ ಊರು ದೂರ ಇಡುತ್ತದೆ. ಅದೇ ಮನುಷ್ಯ ಅದೇ ಟ್ರಕ್ಕಿನಲ್ಲಿ ಕಯೋಟಿಯನ್ನು ಅಟ್ಟಿದರೆ ಬೆನ್ನು ತಟ್ಟುತ್ತದೆ. ನೋವುಣ್ಣುವ ನರಮಂಡಲ ಎರಡಕ್ಕೂ ಒಂದೇ. ವ್ಯತ್ಯಾಸವಿರುವುದು ನಾವು ಕೊಟ್ಟ ಹೆಸರಿನಲ್ಲಿ. ನಮ್ಮಲ್ಲೂ 'ನರಿಬುದ್ಧಿ' ಎಂದು ಬೈಯುತ್ತೇವೆ. ಆದರೆ ಅದೇ ಬಾಯಲ್ಲಿ, ಒಳ್ಳೆಯದಾದವನನ್ನು 'ಬೆಳಿಗ್ಗೆ ನರಿ ಮುಖ ನೋಡಿ ಎದ್ದೆಯಾ' ಎಂದೂ ಕೇಳುತ್ತೇವೆ. ನೆಬ್ರಾಸ್ಕಾದಲ್ಲಿ ಕಯೋಟಿಗೆ ಆ ಎರಡನೆಯ ಮಾತಿಲ್ಲ.

ಕುರಿಗಳನ್ನು ತಿನ್ನುತ್ತದಲ್ಲ? ಸಾಕಿದವನ ಕಷ್ಟ ನಿಮಗೆ ಗೊತ್ತೇ?

ಗೊತ್ತು. ಬೆಳಗಿನ ಜಾವ ಹೋಗಿ, ಗಂಟಲು ಸೀಳಿದ ಮರಿಗಳನ್ನು ಎಣಿಸಿ ಬರೆದುಕೊಟ್ಟಿದ್ದೇನೆ. ಅಮೆರಿಕದಲ್ಲಿ ಪರಭಕ್ಷಕಗಳಿಗೆ ತುತ್ತಾಗುವ ಕುರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಯೋಟಿಗಳ ಪಾಲು ಎಂದು ಕೃಷಿ ಇಲಾಖೆಯ ಸಮೀಕ್ಷೆಗಳು ಹೇಳುತ್ತವೆ. ಸಣ್ಣ ಹಿಡುವಳಿಯವನಿಗೆ ಹತ್ತು ಮರಿ ಹೋದರೆ ಆ ವರ್ಷದ ಲಾಭ ಹೋದಂತೆ.

ಆದರೆ ಮರಿಗಳನ್ನು ಕೊಲ್ಲುವುದು ಸಾಮಾನ್ಯವಾಗಿ ಆ ಜಾಗದ ಒಂದು ಜೋಡಿ, ಅದೂ ತನ್ನ ಮರಿಗಳಿಗೆ ಉಣಿಸಬೇಕಾದ ದಿನಗಳಲ್ಲಿ. ಅದನ್ನು ಗುರುತಿಸಿ, ಕೈ ನಡುಗದ ಗುರಿಕಾರನೊಬ್ಬ ಒಂದೇ ಗುಂಡಿನಲ್ಲಿ ಮುಗಿಸಿದರೆ ನಾನು ಅವನನ್ನು ದೂರುವುದಿಲ್ಲ. ಜನವರಿಯ ಭಾನುವಾರ, ಸುತ್ತ ಒಂದೂ ಕುರಿಯಿಲ್ಲದ ಮೆಕ್ಕೆಜೋಳದ ಹೊಲದಲ್ಲಿ ಸಿಕ್ಕಿದ ಕಯೋಟಿಯನ್ನು ನಾಯಿಗಳಿಂದ ಹರಿಯಿಸುವವನು ಕುರಿಗಾಹಿಯ ಹೆಸರು ಹೇಳುವಾಗ ಮಾತ್ರ ನನಗೆ ಸಿಟ್ಟು ಬರುತ್ತದೆ. ಆ ಹೊಲದಲ್ಲಿ ಅದು ತಿನ್ನುತ್ತಿದ್ದದ್ದು ಇಲಿಗಳನ್ನು.

ಕಾಯುವ ದಾರಿಗಳು ಬೇರೆ ಇವೆ. ಗ್ರೇಟ್ ಪಿರನೀಸ್, ಅನಟೋಲಿಯನ್ ತಳಿಯ ಕಾವಲು ನಾಯಿಗಳು, ಲಾಮಾ ಎಂಬ ಒಂಟೆಯ ಸಂಬಂಧಿ, ಕತ್ತೆ, ಈಯುವ ಕಾಲದಲ್ಲಿ ಕೊಟ್ಟಿಗೆ, ರಾತ್ರಿ ವಿದ್ಯುತ್ ಬೇಲಿ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿ 2000ದ ಸುಮಾರಿಗೆ ಕೇಂದ್ರ ಸರ್ಕಾರದವರಿಂದ ಪರಭಕ್ಷಕಗಳನ್ನು ಕೊಲ್ಲಿಸುವ ಒಪ್ಪಂದವನ್ನು ಕೈಬಿಟ್ಟು, ಆ ಹಣವನ್ನು ಕುರಿ ಸಾಕುವವರ ಬೇಲಿಗೂ ಕಾವಲು ನಾಯಿಗೂ ಕೊಡಲಾರಂಭಿಸಿತು. ನಮ್ಮ ಬಯಲುಸೀಮೆಯ ಕುರುಬರು ನಾಯಿ ಕಟ್ಟಿಕೊಂಡು, ರಾತ್ರಿ ಕುರಿಗಳ ಪಕ್ಕದಲ್ಲೇ ಕಂಬಳಿ ಹಾಸಿ ಮಲಗುವುದನ್ನು ನೋಡಿ ಬೆಳೆದವನಿಗೆ ಇದು ಹೊಸ ವಿದ್ಯೆಯೇನಲ್ಲ.

ಹೇಗಾದರೂ ಸರಿ, ಕೊಂದರೆ ಸಂಖ್ಯೆಯಾದರೂ ಕಡಿಮೆಯಾಗುತ್ತದಲ್ಲ?

ಆಗುವುದಿಲ್ಲ, ಅಥವಾ ಬಹಳ ಕಾಲ ನಿಲ್ಲುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ವನ್ಯಜೀವಿ ವಿಭಾಗವೊಂದೇ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ 60,000ದ ಆಸುಪಾಸು ಕಯೋಟಿಗಳನ್ನು ಕೊಂದಿದೆ. ವಿಷ, ಬಲೆ, ಹೆಲಿಕಾಪ್ಟರ್, ಎಲ್ಲವನ್ನೂ ನೂರು ವರ್ಷದಿಂದ ಪ್ರಯೋಗಿಸಿದ್ದಾರೆ. ಅಷ್ಟೂ ಕಾಲ ಪ್ರಾಣಿ ಹರಡುತ್ತಲೇ ಹೋಯಿತು.

ಕಾರಣ ಅದರ ಸಂಸಾರದಲ್ಲಿದೆ. ಗುಂಪಿನಲ್ಲಿ ಸಾಮಾನ್ಯವಾಗಿ ಹಿರಿಯ ಜೋಡಿ ಮಾತ್ರ ಮರಿ ಹಾಕುತ್ತದೆ. ಆ ಜೋಡಿಯನ್ನು ಕೊಂದರೆ ಎಳೆಯವು ಚದುರಿ, ಬೇಗ ಜೋಡಿಯಾಗಿ, ತಾವೂ ಮರಿ ಹಾಕುತ್ತವೆ. ತಿನ್ನುವ ಬಾಯಿಗಳು ಕಡಿಮೆಯಾದ್ದರಿಂದ ಆಹಾರ ಹೆಚ್ಚಿ, ಬದುಕುಳಿಯುವ ಮರಿಗಳೂ ಹೆಚ್ಚುತ್ತವೆ. ಪ್ರತಿ ವರ್ಷ ನೂರಕ್ಕೆ ಎಪ್ಪತ್ತೈದನ್ನು ಕೊಂದರೂ ಸಂತತಿ ಅಳಿಯಲು ಐವತ್ತು ವರ್ಷಗಳಾದರೂ ಬೇಕೆಂದು 1975ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಲೆಕ್ಕ ಹಾಕಿದ್ದರು. ನಾಲ್ಕು ಟ್ರಕ್ಕುಗಳ ಭಾನುವಾರದ ತಂಡ ಆ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಚರ್ಮಕ್ಕೆ ಬೆಲೆ ಇಲ್ಲವೇ?

ಒಂದು ಕಾಲದಲ್ಲಿತ್ತು. ದುಬಾರಿ ಚಳಿ ಅಂಗಿಗಳ ಕುಲಾವಿಯ ಅಂಚಿಗೆ ಕಯೋಟಿಯ ತುಪ್ಪಳ ಹೊಲಿಯುತ್ತಿದ್ದರು. ಕೆನಡಾ ಗೂಸ್ ಕಂಪನಿ ತುಪ್ಪಳ ಬಿಡುವುದಾಗಿ 2021ರಲ್ಲಿ ಘೋಷಿಸಿದ ಮೇಲೆ ಆ ಮಾರುಕಟ್ಟೆಗೆ ದೊಡ್ಡ ಪೆಟ್ಟು ಬಿತ್ತು. ನಾಯಿಗಳು ಹರಿದ ಚರ್ಮವನ್ನು ಮೊದಲೂ ಯಾರೂ ಕೊಳ್ಳುತ್ತಿರಲಿಲ್ಲ.

ಬೇಟೆನಾಯಿಗಳ ಗತಿ ಏನು? ಅವು ಖುಷಿಯಿಂದಲೇ ಓಡುತ್ತವಲ್ಲ?

ಈ ಪ್ರಶ್ನೆಗೆ ನನ್ನ ಹೊಲಿಗೆಯ ಸೂಜಿಯೇ ಉತ್ತರ ಹೇಳಬೇಕು.

ಓಡುವ ಕ್ಷಣದಲ್ಲಿ ಆ ನಾಯಿಗಳಿಗೆ ಬೇರೇನೂ ಬೇಡ, ನಿಜ. ಶತಮಾನಗಳಿಂದ ಅದಕ್ಕೇ ತಳಿ ಎತ್ತಿದ್ದಾರೆ. ಆದರೆ ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಓಡುವ ಗ್ರೇಹೌಂಡಿಗೆ ಮುಳ್ಳುತಂತಿ ಕಾಣುವುದಿಲ್ಲ. ಎದೆಯಿಂದ ತೊಡೆಯವರೆಗೆ ಅಂಗಿ ಬಿಚ್ಚಿದಂತೆ ಚರ್ಮ ಸುಲಿದುಕೊಂಡು ಬಂದ ನಾಯಿಗಳನ್ನು ಹೊಲಿದಿದ್ದೇನೆ. ಹೆಪ್ಪುಗಟ್ಟಿದ ನೇಗಿಲ ಸಾಲಿಗೆ ಕಾಲು ಸಿಕ್ಕಿ ಮಣಿಕಟ್ಟು ಮುರಿದವು, ಉಗುರು ಬುಡದಿಂದ ಕಿತ್ತವು, ಮಿತಿಮೀರಿ ಓಡಿ ಸ್ನಾಯುಗಳು ಕರಗಿ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದವು ಬರುತ್ತವೆ. ಕಯೋಟಿಯೂ ಸುಮ್ಮನೆ ಸಾಯುವುದಿಲ್ಲ. ಮುಖ, ಕಿವಿ, ಮುಂಗಾಲಿಗೆ ಆಳವಾಗಿ ಕಚ್ಚಿರುತ್ತದೆ. ಅದರ ಮೈಯ ಕಜ್ಜಿ ನಾಯಿಗೆ ಹತ್ತುತ್ತದೆ, ನಾಯಿಯಿಂದ ಮನೆಗೆ ಬರುತ್ತದೆ. ರೇಬೀಸ್ ಲಸಿಕೆ ಹಾಕಿಸದ ನಾಯಿಯಾದರೆ ಆ ಚಿಂತೆ ಬೇರೆ.

ಒಂದು ರಾತ್ರಿ ಐವತ್ತು ದಾಟಿದ ರೈತರೊಬ್ಬರು ತಮ್ಮ ಸ್ಟ್ಯಾಗ್‌ಹೌಂಡನ್ನು ಎತ್ತಿಕೊಂಡು ಬಂದರು. ಪಕ್ಕೆಲುಬುಗಳ ನಡುವೆ ತೂತಾಗಿ ಉಸಿರು ಅಲ್ಲಿಂದಲೇ ಬುಸುಗುಡುತ್ತಿತ್ತು. ತಮ್ಮದೇ ತಂಡದ ಟ್ರಕ್ಕಿನ ಅಡಿಗೆ ಸಿಕ್ಕಿತ್ತು. ನಾನು ಕೆಲಸ ಮಾಡುವಷ್ಟು ಹೊತ್ತೂ ಅವರು ಅದರ ತಲೆ ಹಿಡಿದು ಮಗುವನ್ನು ಮಾತಾಡಿಸುವಂತೆ ಮಾತಾಡಿಸಿದರು. ಬೆಳಗಾಗುವುದರೊಳಗೆ ಅದು ಸತ್ತಿತು, ಅವರು ಗೋಡೆಗೆ ಒರಗಿ ಅತ್ತರು. ನಾಯಿಯ ಮೇಲೆ ಪ್ರೀತಿಯಿಲ್ಲದ ಮನುಷ್ಯರು ಈ ಬೇಟೆಯಾಡುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ನನ್ನನ್ನು ನೋಯಿಸುವುದೂ ಅದೇ. ಒಂದು ನಾಯಿಯ ನೋವು ಇಷ್ಟು ಚೆನ್ನಾಗಿ ಅರ್ಥವಾಗುವ ಮನುಷ್ಯನಿಗೆ, ಅದೇ ಮೈಕಟ್ಟಿನ, ಅದೇ ಕಣ್ಣಿನ ಇನ್ನೊಂದು ಪ್ರಾಣಿಯ ನೋವು ಏಕೆ ಅರ್ಥವಾಗುವುದಿಲ್ಲ?

ತೋಳಗಳೂ ಕಯೋಟಿಯನ್ನು ಹರಿದು ಕೊಲ್ಲುತ್ತವೆ. ಪ್ರಕೃತಿಯಲ್ಲಿ ಇಲ್ಲದ್ದೇನನ್ನು ನಾವು ಮಾಡುತ್ತಿದ್ದೇವೆ?

ಕೊಲ್ಲುತ್ತವೆ. 1995ರಲ್ಲಿ ಯೆಲ್ಲೋಸ್ಟೋನ್‌ಗೆ ತೋಳಗಳನ್ನು ಮರಳಿ ತಂದ ಮೇಲೆ ಅಲ್ಲಿಯ ಕಯೋಟಿಗಳ ಸಂಖ್ಯೆ ಮೊದಲ ವರ್ಷಗಳಲ್ಲಿ ಗಣನೀಯವಾಗಿ ಕುಸಿಯಿತು. ಆದರೆ ತೋಳಕ್ಕೆ ಬೇರೆ ದಾರಿಯಿಲ್ಲ, ನನಗಿದೆ. ತೋಳದ ಓಟಕ್ಕೆ ಮಿತಿಯಿದೆ. ಅದರಿಂದ ತಪ್ಪಿಸಿಕೊಳ್ಳಲು ಬೇಕಾದ ಕಾಲು, ಮೂಗು, ಚುರುಕು ಎಲ್ಲವನ್ನೂ ಕಯೋಟಿ ಸಾವಿರಾರು ವರ್ಷಗಳಲ್ಲಿ ಗಳಿಸಿಕೊಂಡಿದೆ. ಪೆಟ್ರೋಲಿನ ಎಂಜಿನ್ನಿನಿಂದ, ಉಪಗ್ರಹದ ನೆರವಿನಿಂದ ಜಾಗ ತಿಳಿಸುವ ಕೊರಳಪಟ್ಟಿಯಿಂದ ತಪ್ಪಿಸಿಕೊಳ್ಳುವ ಕಾಲು ಯಾವ ಪ್ರಾಣಿಗೂ ಬೆಳೆದಿಲ್ಲ.

ಬೇಲಿಯೊಳಗಿನ ಓಟ ಎಂದರೇನು?

ಕೇಳಲೂ ಕಷ್ಟವಾದ ಸಂಗತಿ. ಬಲೆಯಲ್ಲಿ ಹಿಡಿದ ಕಯೋಟಿಗಳನ್ನೂ ಗುಳ್ಳೆನರಿಗಳನ್ನೂ ಕೊಂಡು ತಂದು ಬೇಲಿ ಹಾಕಿದ ಜಾಗದೊಳಗೆ ಬಿಟ್ಟು, ಹತ್ತಾರು ಹೌಂಡ್‌ಗಳಿಂದ ಅಟ್ಟಿಸಿ, ಚೆನ್ನಾಗಿ ಅಟ್ಟಿದ ನಾಯಿಗೆ ಅಂಕ ಕೊಡುತ್ತಾರೆ. ಫ್ಲಾರಿಡಾ 2010ರಲ್ಲಿ ಇದನ್ನು ನಿಷೇಧಿಸಿತು. ವರ್ಜೀನಿಯಾ 2014ರಲ್ಲಿ ಹೊಸ ಬೇಲಿಗಳಿಗೆ ಅನುಮತಿ ನಿಲ್ಲಿಸಿ, ಇದ್ದವಕ್ಕೆ ನಲವತ್ತು ವರ್ಷಗಳ ಗಡುವು ಕೊಟ್ಟಿತು. ನಲವತ್ತು ವರ್ಷ! ಇಲ್ಲಿ ವಾದಿಸಲು ಏನೂ ಉಳಿದಿಲ್ಲವೆಂದು ನನ್ನ ಭಾವನೆ.

ಕೊಲ್ಲುವ ಸ್ಪರ್ಧೆಗಳು ಇನ್ನೂ ಇವೆಯೇ?

ಇವೆ, ಕಡಿಮೆಯಾಗುತ್ತಿವೆ. ಹೆಚ್ಚು ಕೊಂದವನಿಗೆ ಬಹುಮಾನ ಕೊಡುವುದನ್ನು ಕ್ಯಾಲಿಫೋರ್ನಿಯಾ 2014ರಲ್ಲಿ ಮೊದಲು ನಿಲ್ಲಿಸಿತು. ನಂತರ ವರ್ಮಾಂಟ್, ನ್ಯೂ ಮೆಕ್ಸಿಕೊ, ಅರಿಜೋನಾ, ಮ್ಯಾಸಚೂಸೆಟ್ಸ್, ಕೊಲರಾಡೊ, ವಾಷಿಂಗ್ಟನ್, ಮೇರಿಲ್ಯಾಂಡ್, ಆರೆಗನ್, ನ್ಯೂಯಾರ್ಕ್ ಸೇರಿಕೊಂಡವು. ನಮ್ಮ ಬಯಲಿನ ರಾಜ್ಯಗಳು ಈ ಪಟ್ಟಿಯಲ್ಲಿಲ್ಲ. ಇತ್ತ ಯೂಟಾದಲ್ಲಿ 2012ರ ಕಾನೂನಿನ ಪ್ರಕಾರ ಕೊಂದ ಪ್ರತಿ ಕಯೋಟಿಗೆ ಸರ್ಕಾರವೇ 50 ಡಾಲರ್ ಕೊಡುತ್ತದೆ.

ಮನುಷ್ಯರ ಮೇಲೆ ಬೀಳುವುದಿಲ್ಲವೇ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.

ಉತ್ತರ ಅಮೆರಿಕದಲ್ಲಿ ಕಯೋಟಿಯಿಂದ ಮನುಷ್ಯರು ಸತ್ತ ದಾಖಲೆಯಿರುವುದು ಎರಡು ಸಲ: 1981ರಲ್ಲಿ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ ಒಂದು ಮಗು, 2009ರಲ್ಲಿ ಕೆನಡಾದ ಕೇಪ್ ಬ್ರೆಟನ್‌ನಲ್ಲಿ ಒಬ್ಬ ಯುವತಿ. ಎರಡೂ ದೊಡ್ಡ ದುರಂತಗಳು. ಕಚ್ಚಿದ ಘಟನೆಗಳಲ್ಲಿ ಬಹಳಷ್ಟು, ಜನ ತಿನಿಸು ಹಾಕಿ ಭಯ ಬಿಡಿಸಿದ ಕಡೆ ನಡೆದಿವೆ. ಹಿತ್ತಲಲ್ಲಿ ನಾಯಿ ಬೆಕ್ಕಿನ ಊಟ ಬಿಡಬೇಡಿ, ಕಸದ ಡಬ್ಬಿ ಮುಚ್ಚಿಡಿ, ಕಂಡರೆ ಕೈ ಎತ್ತಿ ಜೋರಾಗಿ ಕೂಗಿ. ಬೆನ್ನು ಹಾಕಿ ಓಡಬೇಡಿ.

ನೀವು ಕೋಳಿ ತಿನ್ನುವುದಿಲ್ಲವೇ? ಹಾಗಿದ್ದ ಮೇಲೆ ಕಯೋಟಿಗೆ ಅಳುವುದೇಕೆ?

ತಿನ್ನುತ್ತೇನೆ. ಕಸಾಯಿಖಾನೆಗಳ ತಪಾಸಣೆಗೂ ಹೋಗಿದ್ದೇನೆ. ಅಲ್ಲಿ ನನ್ನ ಕೆಲಸ, ಪ್ರಾಣಿ ಗಾಬರಿಯಾಗದಂತೆ ನಡೆಸಿಕೊಂಡು ಬಂದರೇ, ಒಂದೇ ಏಟಿಗೆ ಪ್ರಜ್ಞೆ ತಪ್ಪಿತೇ ಎಂದು ನೋಡುವುದು. ತಪ್ಪದಿದ್ದರೆ ಸಾಲನ್ನೇ ನಿಲ್ಲಿಸಬೇಕು, ಕಾನೂನು ಹಾಗೆ ಹೇಳುತ್ತದೆ. ಊಟಕ್ಕಾಗಿ ಕೊಲ್ಲುವ ಹಂದಿಗೆ ನಾವು ಕೊಡಲೇಬೇಕಾದ ಒಂದು ನಿಮಿಷದ ಕನಿಕರವನ್ನು, ಆಟಕ್ಕಾಗಿ ಕೊಲ್ಲುವ ಪ್ರಾಣಿಗೆ ಕೊಡಬೇಕಾಗಿಲ್ಲ ಎಂದರೆ ಅದು ನನಗೆ ತಲೆಕೆಳಗಾದ ನ್ಯಾಯವಾಗಿ ಕಾಣುತ್ತದೆ. ಮಾಂಸ ಬಿಟ್ಟವರು ನನ್ನನ್ನು ಇದಕ್ಕಿಂತ ಕಟುವಾಗಿ ಪ್ರಶ್ನಿಸಬಹುದು. ಅವರ ಪ್ರಶ್ನೆಗೆ ನಾನು ತಲೆಬಾಗುತ್ತೇನೆ.

ಇದು ಹಳ್ಳಿಯವರ ಮೇಲೆ ಪೇಟೆಯವರ ದಬ್ಬಾಳಿಕೆಯಲ್ಲವೇ?

ಈ ಆರೋಪವನ್ನು ಹಗುರವಾಗಿ ತಳ್ಳಿಹಾಕಬಾರದು. ಮಳೆ, ಬೆಲೆ, ಸಾಲ ಮೂರನ್ನೂ ತಲೆಯ ಮೇಲೆ ಹೊತ್ತ ರೈತನಿಗೆ ಚಳಿಗಾಲದ ಈ ಬೇಟೆ ಗೆಳೆಯರನ್ನು ಸೇರುವ ದಿನ. ಅಪ್ಪ ಮಗನಿಗೆ ಹೊಲ, ಗಾಳಿ, ಜಾಡು ಕಲಿಸುವ ದಿನ. ಅದನ್ನು ಕಸಿದುಕೊಳ್ಳಲು ಹೊರಟವರು ಅದರ ಬೆಲೆ ತಿಳಿದಿರಬೇಕು. ಆದರೆ ಇದೇ ಹಳ್ಳಿಗಳಲ್ಲಿ ಇದನ್ನು ಸಹಿಸದವರೂ ಇದ್ದಾರೆ. ನಾಯಿಗಳಿಗೆ ಗಡಿಕಲ್ಲು ಗೊತ್ತಿಲ್ಲ. ಅನುಮತಿಯಿಲ್ಲದ ಹೊಲಕ್ಕೆ ನುಗ್ಗಿ, ಗಬ್ಬದ ಹಸುಗಳನ್ನು ಚದುರಿಸಿ, ಬೇಲಿ ಮುರಿದುಹೋದ ಮೇಲೆ ಕಂದು ಹಾಕಿದ ದನಗಳನ್ನು ನೋಡಲು ನನ್ನನ್ನೇ ಕರೆಯುತ್ತಾರೆ. ಅವರು ಬಾಯಿಬಿಟ್ಟು ಹೇಳುವುದಿಲ್ಲ, ಏಕೆಂದರೆ ಬೇಟೆಯ ತಂಡದವರು ಅವರ ನೆರೆಯವರೇ, ಕೊಯ್ಲಿಗೆ ಒದಗುವವರೇ.

ಬೇರೆ ದೇಶಗಳಲ್ಲಿ ಏನಾಯಿತು?

ಬ್ರಿಟನ್ನಿನಲ್ಲಿ 1997ರಲ್ಲಿ ಪ್ಯಾಟ್ರಿಕ್ ಬೇಟ್ಸನ್ ಎಂಬ ಜೀವವಿಜ್ಞಾನಿ ಹೌಂಡ್‌ಗಳು ಅಟ್ಟಿದ ಕೆಂಪು ಜಿಂಕೆಗಳ ರಕ್ತ ಮತ್ತು ಸ್ನಾಯುಗಳನ್ನು ಪರೀಕ್ಷಿಸಿ, ಅವು ಸಹಜ ಬದುಕಿನಲ್ಲಿ ಎಂದೂ ಅನುಭವಿಸದಷ್ಟು ದಣಿವನ್ನೂ ಒತ್ತಡವನ್ನೂ ಅನುಭವಿಸುತ್ತವೆ ಎಂದು ತೋರಿಸಿದರು. 2000ದಲ್ಲಿ ಸರ್ಕಾರ ನೇಮಿಸಿದ ಬರ್ನ್ಸ್ ಸಮಿತಿ ಗುಳ್ಳೆನರಿಯ ವಿಷಯದಲ್ಲೂ, ನಾಯಿಗಳ ಬೇಟೆ ಅದರ ಹಿತಕ್ಕೆ ತೀವ್ರ ಧಕ್ಕೆ ತರುತ್ತದೆಂದು ಒಪ್ಪಿತು. ಸ್ಕಾಟ್ಲೆಂಡ್ 2002ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್ 2004ರಲ್ಲಿ ಇಂಥ ಬೇಟೆಯ ವಿರುದ್ಧ ಕಾನೂನು ಮಾಡಿದವು. ಕಾನೂನಿನ ಸಂದುಗಳಲ್ಲಿ ನುಸುಳುವವರ ಜೊತೆ ಅಲ್ಲಿ ಇಂದಿಗೂ ಜಗಳ ನಡೆಯುತ್ತಿದೆ. ಆದರೆ ಪ್ರಾಣಿಯ ಸಂಕಟವನ್ನು ಅಳೆದು ನೋಡಿ ಕಾನೂನು ಬರೆಯಬಹುದು ಎಂಬುದಕ್ಕೆ ಅದೊಂದು ಮೇಲ್ಪಂಕ್ತಿ.

ಕರ್ನಾಟಕದಲ್ಲಿ ಇಂಥದ್ದು ಇಲ್ಲವಲ್ಲ?

ಕಾನೂನಿನಲ್ಲಿ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೂಲ ರೂಪದಲ್ಲಿ, ಪರವಾನಗಿ ಇದ್ದವರು ಕೂಡ ವಾಹನದಿಂದ ಬೇಟೆಯಾಡಬಾರದು, ವಾಹನ ಬಳಸಿ ಪ್ರಾಣಿಗಳನ್ನು ಅಟ್ಟಬಾರದು ಎಂಬ ಕಲಮು ಇತ್ತು. 1991ರಲ್ಲಿ ಪರವಾನಗಿಯ ಬೇಟೆಯೇ ರದ್ದಾದ್ದರಿಂದ ಆ ಕಲಮನ್ನು ತೆಗೆದರು. ಇಂದು ನಮ್ಮ ನರಿ, ತೋಳ ಎರಡೂ ಕಾಯಿದೆಯ ರಕ್ಷಣೆಯಲ್ಲಿವೆ. ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ ತೋಳಕ್ಕೆಂದೇ 1974ರಲ್ಲಿ ಧಾಮ ಮಾಡಿದರು. ಕೊಪ್ಪಳ ಜಿಲ್ಲೆಯ ಬಂಕಾಪುರವೂ ಈಚೆಗೆ ತೋಳಧಾಮವಾಗಿದೆ.

ಆದರೆ ಯುಗಾದಿಯ ಆಸುಪಾಸು ನಾಯಿಗಳನ್ನು ಕಟ್ಟಿಕೊಂಡು ಮೊಲದ ಬೇಟೆಗೆ ಹೊರಡುವ ರೂಢಿ ಉತ್ತರ ಕರ್ನಾಟಕದ ಹಲವೆಡೆ ಇನ್ನೂ ಜೀವಂತವಾಗಿದೆ ಎಂಬುದನ್ನು ನಾವೆಲ್ಲ ಬಲ್ಲೆವು. ರಾತ್ರಿ ಜೀಪಿನಲ್ಲಿ ಬೆಳಕು ಬಿಟ್ಟು ಮೊಲ ಹೊಡೆಯುವವರ ಕತೆಗಳನ್ನು ನಾನೇ ಬಾಲ್ಯದಲ್ಲಿ ಬಾಯಿ ಚಪ್ಪರಿಸಿ ಕೇಳಿದ್ದೇನೆ. ಹಾಗಾಗಿ ನೆಬ್ರಾಸ್ಕಾದವರನ್ನು ಬೈಯುವ ಮುಂಚೆ ನಾನು ಆ ಜೀಪನ್ನು ನೆನೆಸಿಕೊಳ್ಳುತ್ತೇನೆ.

ನನ್ನ ಮನೆಯ ಹಿಂದಿನ ಹೊಲಕ್ಕೆ ಬೇಟೆಯ ಟ್ರಕ್ಕುಗಳು ಬಂದರೆ ನಾನೇನು ಮಾಡಬಹುದು?

ಮೊದಲು, ಎದುರು ಹೋಗಿ ಜಗಳ ತೆಗೆಯಬೇಡಿ. ಅವರ ಕೈಯಲ್ಲಿ ಕೋವಿ ಇರುತ್ತದೆ, ಓಟದ ಬಿಸಿಯಲ್ಲಿರುತ್ತಾರೆ. ಕಾನೂನುಬದ್ಧ ಬೇಟೆಗೆ ಅಡ್ಡಿ ಮಾಡುವುದು ಇಲ್ಲಿ ಅಪರಾಧವೂ ಹೌದು. ವೀಸಾದ ಮೇಲಿರುವವರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಜಮೀನು ನಿಮ್ಮದಾದರೆ, ಖಾಸಗಿ ನೆಲದಲ್ಲಿ ಬೇಟೆಯಾಡಲು ನಿಮ್ಮ ಅನುಮತಿ ಬೇಕೇ ಬೇಕು. ಕೊಡುವುದಿಲ್ಲವೆಂದು ಚಳಿಗಾಲಕ್ಕೆ ಮುಂಚೆಯೇ, ಸೌಮ್ಯವಾಗಿ, ತಂಡದ ಹಿರಿಯರಿಗೆ ಹೇಳಿಬಿಡಿ. ಬಹುತೇಕರು ಮರ್ಯಾದೆ ಕೊಡುತ್ತಾರೆ. ಗಡಿಯಲ್ಲಿ ಫಲಕ ಹಾಕಿ. ಅನುಮತಿಯಿಲ್ಲದೆ ನುಗ್ಗಿದರೆ ವಾಹನದ ಸಂಖ್ಯೆ, ಸಮಯ, ಜಾಗ ಬರೆದುಕೊಂಡು ಕೌಂಟಿಯ ಶೆರಿಫ್ ಕಚೇರಿಗೂ ರಾಜ್ಯದ ವನ್ಯಜೀವಿ ಇಲಾಖೆಗೂ ಫೋನ್ ಮಾಡಿ. ಗಾಯಗೊಂಡ ಬೇಟೆನಾಯಿ ದಾರಿತಪ್ಪಿ ನಿಮ್ಮ ಅಂಗಳಕ್ಕೆ ಬಂದರೆ ಕೊರಳಪಟ್ಟಿಯಲ್ಲಿ ಯಜಮಾನನ ಸಂಖ್ಯೆ ಇರುತ್ತದೆ, ಕರೆ ಮಾಡಿ. ನೀರು ಕೊಡಿ, ಹೊಟ್ಟೆತುಂಬ ಊಟ ಹಾಕಬೇಡಿ, ಕಚ್ಚಿದ ಗಾಯಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಗಾಯಗೊಂಡ ಕಯೋಟಿ ಬಂದರೆ ಅದರ ಹತ್ತಿರ ಹೋಗದೆ ಇಲಾಖೆಗೆ ತಿಳಿಸಿ. ಅವರು ಬರುವವರೆಗೆ ಮನೆಯ ನಾಯಿಯನ್ನು ಒಳಗೆ ಕಟ್ಟಿ, ಹೊರಗಿನ ದೀಪ ಆರಿಸಿ, ಮಕ್ಕಳಿಗೆ ಸದ್ದು ಮಾಡದಿರಲು ಹೇಳಿ.